ಯುದ್ಧ ಸಾಲದ ಪೋಸ್ಟರ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳಲ್ಲಿ ಹೆಚ್ಚಿನವು ಮೊದಲ ಮಹಾಯುದ್ಧದ ಖರ್ಚಿಗೆ ಜನರಿಂದ ಸಾಲ ಎತ್ತಲು 1917ರಿಂದ 1919ರವರೆಗೆ ಅಮೆರಿಕದಲ್ಲಿ ಅಚ್ಚಾದ ಲಿಬರ್ಟಿ ಬಾಂಡ್ (ಸರ್ಕಾರ ಬರೆದುಕೊಡುವ ಸಾಲಪತ್ರ) ಪೋಸ್ಟರ್‌ಗಳ ಬಗ್ಗೆ. ಬ್ರಿಟನ್, ಫ್ರಾನ್ಸ್, ಜರ್ಮನಿ, ಭಾರತದ ಮಾತು ಅಗತ್ಯವಿದ್ದಲ್ಲಿ ಬರುತ್ತದೆ. ಪೋಸ್ಟರ್ ನೋಡುವವರಲ್ಲಿ ಒಂದು ಕೋರಿಕೆ: ಚಿತ್ರ ನೋಡಿದ ಮೇಲೆ ಬಾಂಡಿನ ಷರತ್ತನ್ನೂ ಓದಿ. ಎಷ್ಟು ಕೊಟ್ಟರೆ ಎಷ್ಟು ವಾಪಸ್, ಯಾವಾಗ ವಾಪಸ್ ಎಂಬುದು ಗೊತ್ತಾದರೆ ಆ ಚಿತ್ರ ಹಾಗೇಕಿದೆ ಎಂಬುದೂ ಗೊತ್ತಾಗುತ್ತದೆ.

ತೆರಿಗೆ ಹಾಕುವ ಅಧಿಕಾರ ಇದ್ದ ಸರ್ಕಾರ ಜನರ ಹತ್ತಿರ ಸಾಲ ಕೇಳಿದ್ದೇಕೆ?

ತೆರಿಗೆಯನ್ನೂ ಹಾಕಿತು. ಆದರೆ ಯುದ್ಧದ ಖರ್ಚಿನ ದೊಡ್ಡ ಪಾಲು ಹುಟ್ಟಿದ್ದು ಸಾಲದಿಂದಲೇ. ಅಷ್ಟನ್ನೂ ತೆರಿಗೆಯಲ್ಲಿ ಎತ್ತಲು ಹೋದರೆ ಜನ ತಿರುಗಿಬೀಳುತ್ತಾರೆ, ನೋಟು ಅಚ್ಚು ಹಾಕಿದರೆ ಬೆಲೆ ಏರುತ್ತದೆ. ಬಾಕಿ ಉಳಿಯುವ ದಾರಿ ಸಾಲ.

ದೊಡ್ಡ ಬ್ಯಾಂಕುಗಳಿಂದಲೇ ಎಲ್ಲವನ್ನೂ ಎತ್ತದೆ ಕೂಲಿಕಾರರ ಜೇಬಿಗೂ ಕೈಹಾಕಿದ್ದೇಕೆ ಎಂಬುದು ಇದರ ಬೆನ್ನಿಗೇ ಬರುವ ಪ್ರಶ್ನೆ. ಯುದ್ಧಕಾಲದಲ್ಲಿ ಕಾರ್ಖಾನೆಗಳು ಬಟ್ಟೆ, ಪಾತ್ರೆ ಬಿಟ್ಟು ಗುಂಡು, ಬಂದೂಕು ಮಾಡುತ್ತವೆ. ಕೆಲಸ ಹೆಚ್ಚಿ ಕೂಲಿ ಏರುತ್ತದೆ, ಅಂಗಡಿಯಲ್ಲಿ ಸಾಮಾನು ಮಾತ್ರ ಕಡಿಮೆಯಾಗುತ್ತದೆ. ಜನರ ಕೈಯಲ್ಲಿ ಉಳಿದ ದುಡ್ಡನ್ನು ಕೆಲವು ವರ್ಷ ಕಟ್ಟಿಡದಿದ್ದರೆ ಇದ್ದಬದ್ದ ಸಾಮಾನಿನ ಬೆಲೆ ಕೈಗೆಟುಕುವುದಿಲ್ಲ. ಅಂದರೆ ಬಾಂಡಿಗೆ ಹಣ ತರುವುದರ ಜೊತೆಗೆ ಖರ್ಚಿಗೆ ಕಡಿವಾಣ ಹಾಕುವ ಕೆಲಸವೂ ಇತ್ತು. ಇಲ್ಲೇ ಒಂದು ಎಡವಟ್ಟೂ ಆಯಿತು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಬ್ಯಾಂಕಿನಲ್ಲಿ ಸಾಲ ಮಾಡಿಯಾದರೂ ಬಾಂಡ್ ಕೊಳ್ಳಿ ಎಂದು ಪ್ರಚಾರ ಮಾಡಿದರು. ಬಾಂಡಿಗೆ ಸಿಗುವ ಬಡ್ಡಿಗೇ ಬ್ಯಾಂಕುಗಳು ಸಾಲ ಕೊಟ್ಟವು. ಹಾಗೆ ಹುಟ್ಟಿದ ಹೊಸ ದುಡ್ಡು ಬೆಲೆಯೇರಿಕೆಗೆ ತುಪ್ಪ ಸುರಿಯಿತು.

ಒಟ್ಟು ಎಷ್ಟು ಸಾಲ ಎತ್ತಿದರು?

ಐದು ಸುತ್ತಿನಲ್ಲಿ ಸುಮಾರು 21.5 ಶತಕೋಟಿ ಡಾಲರ್. ಅಮೆರಿಕ ಯುದ್ಧ ಸಾರಿದ್ದು 1917ರ ಏಪ್ರಿಲ್ 6ರಂದು, ಸಾಲದ ಕಾನೂನು ಬಂದದ್ದು ಏಪ್ರಿಲ್ 24ರಂದು. ಖಜಾನೆಯ ಕಾರ್ಯದರ್ಶಿ ವಿಲಿಯಂ ಗಿಬ್ಸ್ ಮ್ಯಾಕಡೂ. ಮೊದಲ ಲಿಬರ್ಟಿ ಸಾಲ 1917ರ ಜೂನ್‌ನಲ್ಲಿ 2 ಶತಕೋಟಿಗೆ ಮುಗಿಯಿತು, ಬಡ್ಡಿ ಶೇ. 3.5. ಅದೇ ಅಕ್ಟೋಬರ್‌ನಲ್ಲಿ ಎರಡನೆಯದು, ಶೇ. 4ಕ್ಕೆ. 1918ರ ಏಪ್ರಿಲ್‌ನಲ್ಲಿ ಮೂರನೆಯದು ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಶುರುವಾದ ನಾಲ್ಕನೆಯದು, ಎರಡೂ ಶೇ. 4.25ಕ್ಕೆ. ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು, ಸುಮಾರು 7 ಶತಕೋಟಿ. ಕದನ ನಿಂತ ಮೇಲೆ, 1919ರ ಏಪ್ರಿಲ್-ಮೇ ತಿಂಗಳಲ್ಲಿ ವಿಕ್ಟರಿ ಸಾಲ ಬಂತು, ಶೇ. 4.75.

ಹೆಚ್ಚುಕಡಿಮೆ ಸುತ್ತು ಸುತ್ತಿಗೂ ಬಡ್ಡಿ ಹೇಗೆ ಏರಿದೆ ನೋಡಿ. ದೇಶಾಭಿಮಾನ ಒಂದರಿಂದಲೇ ಬಾಂಡು ಮಾರಾಟವಾಗುತ್ತಿದ್ದರೆ ಖಜಾನೆಗೆ ಬಡ್ಡಿ ಏರಿಸುವ ಪ್ರಮೇಯ ಬರುತ್ತಿರಲಿಲ್ಲ.

ಅತಿ ಚಿಕ್ಕ ಬಾಂಡಿಗೆ 50 ಡಾಲರ್ ಬೇಕಿತ್ತಂತೆ. ಅಷ್ಟಿಲ್ಲದವರು ಏನು ಮಾಡಿದರು?

ಅವರಿಗಾಗಿಯೇ ಉಳಿತಾಯದ ಚೀಟಿ ತಂದರು. ಪೋಸ್ಟರ್‌ಗಳಲ್ಲಿ ಡಬ್ಲ್ಯು.ಎಸ್.ಎಸ್. ಎಂಬ ಮೂರಕ್ಷರ ಕಂಡರೆ ಅದು ಈ ಯೋಜನೆ.

25 ಸೆಂಟಿಗೆ ಒಂದು ತ್ರಿಫ್ಟ್ ಸ್ಟಾಂಪ್. ಅದನ್ನು ಅಂಟಿಸಲು ಒಂದು ಕಾರ್ಡ್, ಅದರಲ್ಲಿ 16 ಮನೆ. ಹದಿನಾರೂ ತುಂಬಿದರೆ 4 ಡಾಲರ್. ಆ ಕಾರ್ಡಿನ ಜೊತೆ ಇನ್ನಷ್ಟು ಸೆಂಟು ಸೇರಿಸಿ ಕೊಟ್ಟರೆ ಒಂದು ಯುದ್ಧ ಉಳಿತಾಯ ಸ್ಟಾಂಪ್ ಸಿಗುತ್ತಿತ್ತು. 1918ರ ಜನವರಿಯಲ್ಲಿ ಅದರ ಬೆಲೆ 4 ಡಾಲರ್ 12 ಸೆಂಟ್, ಆಮೇಲೆ ತಿಂಗಳಿಗೆ ಒಂದು ಸೆಂಟ್ ಏರಿಕೆ. ಯಾವ ತಿಂಗಳಲ್ಲಿ ಕೊಂಡರೂ 1923ರ ಜನವರಿ 1ರಂದು ಕೈಗೆ ಬರುವುದು 5 ಡಾಲರ್. ಬೇಗ ಕೊಂಡವರಿಗೆ ಲಾಭ ಹೆಚ್ಚು ಎಂಬುದನ್ನು ಶಾಲೆಯ ಮಕ್ಕಳಿಗೂ ಅರ್ಥವಾಗುವಂತೆ ಮಾಡಿದ ಲೆಕ್ಕ ಇದು. ತ್ರಿಫ್ಟ್ ಕಾರ್ಡಿಗೆ ಮಾತ್ರ ಬಡ್ಡಿ ಇರಲಿಲ್ಲ. ಹದಿನೈದು ಮನೆ ತುಂಬಿಸಿ ಹದಿನಾರನೆಯದು ಖಾಲಿ ಬಿಟ್ಟರೆ ಅಷ್ಟು ದಿನವೂ ಸರ್ಕಾರಕ್ಕೆ ಬಿಟ್ಟಿ ಸಾಲ.

ಪೋಸ್ಟರ್ ಬರೆದವರು ಯಾರು? ಅವರಿಗೆ ಸಂಬಳ ಇತ್ತೇ?

ಪತ್ರಿಕೆಗಳಿಗೆ ಚಿತ್ರ ಬರೆದು ಆಗಲೇ ಹೆಸರು ಮಾಡಿದ್ದವರು, ಬಹುತೇಕರು ಪುಕ್ಕಟೆ ಬರೆದುಕೊಟ್ಟರು. ಜಾರ್ಜ್ ಕ್ರೀಲ್ ಮುಖ್ಯಸ್ಥರಾಗಿದ್ದ, ಸರ್ಕಾರದ ಯುದ್ಧ ಪ್ರಚಾರ ನೋಡಿಕೊಳ್ಳುತ್ತಿದ್ದ ಸಾರ್ವಜನಿಕ ಮಾಹಿತಿ ಸಮಿತಿಯ ಅಡಿಯಲ್ಲಿ ಚಿತ್ರ ಪ್ರಚಾರ ವಿಭಾಗವೊಂದಿತ್ತು, ಅದನ್ನು ನಡೆಸಿದವರು ಚಾರ್ಲ್ಸ್ ಡೇನಾ ಗಿಬ್ಸನ್. ಯುದ್ಧ ಮುಗಿಯುವ ಹೊತ್ತಿಗೆ ಈ ವಿಭಾಗ ಒಟ್ಟು 1,438 ವಿನ್ಯಾಸಗಳನ್ನು ಕೊಟ್ಟಿತ್ತು: ಪೋಸ್ಟರ್ 700, ಟ್ರಾಮಿನೊಳಗೆ ಹಾಕುವ ಕಾರ್ಡ್ 122, ಜಾಹೀರಾತು ಚಿತ್ರ 310, ವ್ಯಂಗ್ಯಚಿತ್ರ 287, ಬಿಲ್ಲೆ ಮತ್ತು ಮುದ್ರೆ 19. ಸೈನ್ಯಭರ್ತಿ, ಆಹಾರ ಉಳಿತಾಯ, ರೆಡ್ ಕ್ರಾಸ್ ಎಲ್ಲವೂ ಇದರಲ್ಲಿ ಸೇರಿವೆ. ಇದಲ್ಲದೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಹನ್ನೆರಡು ವಲಯಗಳ ಸಾಲ ಸಮಿತಿಗಳೂ ತಂತಮ್ಮ ಕೆಲಸ ಮಾಡಿದವು. ಕೆಲವು ಪೋಸ್ಟರ್‌ಗಳ ಕೆಳಗೆ ವಲಯದ ಹೆಸರು ಇರುವುದು ಇದಕ್ಕೇ.

ಎಲ್ಲರೂ ಹೇಳುವ ತಲೆಯಿಲ್ಲದ ಸ್ವಾತಂತ್ರ್ಯ ದೇವತೆಯ ಪೋಸ್ಟರ್ ಯಾವುದು?

ಜೋಸೆಫ್ ಪೆನೆಲ್ ಬರೆದದ್ದು, 1918ರ ನಾಲ್ಕನೇ ಲಿಬರ್ಟಿ ಸಾಲಕ್ಕೆ. ಸುಮಾರು 20 ಲಕ್ಷ ಪ್ರತಿ ಅಚ್ಚಾಯಿತು. ಅಪರೂಪದ ಪೋಸ್ಟರ್ ಅಲ್ಲ, ಆದರೆ ಈ ಬಗೆಯ ಚಿತ್ರಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದು ಸಿಗುವುದು ಕಷ್ಟ.

ಚಿತ್ರವನ್ನು ಹತ್ತಿರದಿಂದ ನೋಡಿ. ಮುಂದೆ ಬಂದರಿನ ನೀರು, ನೀರಿನ ಮಧ್ಯೆ ಪೀಠದ ಮೇಲೆ ಪ್ರತಿಮೆ. ಕುತ್ತಿಗೆಯ ಮೇಲೆ ತಲೆಯಿಲ್ಲ, ಎತ್ತಿದ ಕೈಯ ಪಂಜು ಮುರಿದಿದೆ. ಹಿಂದೆ ನ್ಯೂಯಾರ್ಕ್ ಹೊತ್ತಿ ಉರಿಯುತ್ತಿದೆ, ಆಕಾಶದಲ್ಲಿ ವಿಮಾನಗಳು. ಇಡೀ ಹಾಳೆಯಲ್ಲಿ ಒಬ್ಬ ಮನುಷ್ಯನ ಮುಖವೂ ಇಲ್ಲ. ಬೇರೆಯವರು ಹೆಂಗಸು, ಮಗು, ಗಾಯಾಳು ಸಿಪಾಯಿ ಬರೆದು ಕರುಳು ಹಿಂಡಿದರೆ ಪೆನೆಲ್ ಬರೆದದ್ದು ಊರನ್ನು. ಬಣ್ಣವೂ ಲೆಕ್ಕದ್ದೇ: ಬೆಂಕಿಯ ಕೆಂಪು-ಹಳದಿ, ಉಳಿದೆಡೆ ಕಪ್ಪಿಗೆ ತಿರುಗಿದ ನೆರಳು. ಪೆನೆಲ್ ಮೂಲತಃ ಕಲ್ಲಚ್ಚು ಮತ್ತು ತಾಮ್ರದ ಕೆತ್ತನೆಯಲ್ಲಿ ಪಳಗಿದ ಕೈ. ಯಾವ ಬಣ್ಣ ಹಾಳೆಯ ಮೇಲೆ ಹೇಗೆ ಕೂರುತ್ತದೆ ಎಂದು ಗೊತ್ತಿದ್ದವರು.

ಪೋಸ್ಟರಿನ ಘೋಷಣೆ ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಮಾಡಿದ ಭಾಷಣದ ಕೊನೆಯ ಮಾತನ್ನು ತುಸು ತಿರುಗಿಸಿದ್ದು: ಸ್ವಾತಂತ್ರ್ಯ ಈ ಭೂಮಿಯಿಂದ ಅಳಿಯದಿರಲಿ ಎಂದು. ಬಾಂಡ್ ಕೊಳ್ಳದಿದ್ದರೆ ಇದನ್ನೇ ನೋಡಬೇಕಾದೀತು ಎಂಬರ್ಥದ ಸಾಲು ಪೆನೆಲ್ ಮನಸ್ಸಿನಲ್ಲಿ ಮೊದಲಿತ್ತು, ಅದನ್ನು ಕೈಬಿಟ್ಟರು. ಬೈಗುಳದಂಥ ಬೆದರಿಕೆಗಿಂತ ಎಲ್ಲರಿಗೂ ಬಾಯಿಪಾಠವಾಗಿದ್ದ ಲಿಂಕನ್ ಮಾತು ಹೆಚ್ಚು ತಟ್ಟಿತು ಎಂಬುದು ನಮ್ಮ ಅಭಿಪ್ರಾಯ. 1918ರ ಜರ್ಮನ್ ವಿಮಾನಗಳಿಗೆ ಅಟ್ಲಾಂಟಿಕ್ ದಾಟಿ ಬಾಂಬು ಹಾಕುವ ಶಕ್ತಿ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಚಿತ್ರ ತೋರಿಸಿದ ಅಪಾಯ ಅಂದಿಗೆ ಆಗುವಂಥದ್ದೇ ಅಲ್ಲ.

ಬೇರೆ ಯಾವ ಪೋಸ್ಟರ್‌ಗಳನ್ನು ನೋಡಲೇಬೇಕು?

ಎಲ್ಸ್‌ವರ್ತ್ ಯಂಗ್ ಬೆಲ್ಜಿಯಂ ಬಗ್ಗೆ ಬರೆದದ್ದು (1918): ಉರಿಯುವ ಊರಿನ ಮುಂದೆ ಹುಡುಗಿಯನ್ನು ಎಳೆದೊಯ್ಯುವ ಸಿಪಾಯಿಯ ಕಪ್ಪು ನೆರಳು. ಫ್ರೆಡ್ ಸ್ಟ್ರಾಥ್‌ಮನ್ ಬರೆದ ರಕ್ತ ಹತ್ತಿದ ಬೆರಳಿನ 'ಹೂಣ' (ಜರ್ಮನ್ನರನ್ನು ಹೀಗಳೆಯಲು ಬಳಸಿದ ಹೆಸರು). ಇವೆರಡೂ ದ್ವೇಷದ ಚಿತ್ರಗಳೇ, ಸುತ್ತಿಬಳಸಿ ಹೇಳಬೇಕಿಲ್ಲ. ಲೈಯೆನ್‌ಡೆಕರ್ ಬರೆದ, ಸ್ವಾತಂತ್ರ್ಯ ದೇವತೆಗೆ ಕತ್ತಿ ಎತ್ತಿಕೊಡುವ ಸ್ಕೌಟ್ ಹುಡುಗ ಮೂರನೇ ಸಾಲದ್ದು. ಗೆರಿಟ್ ಬೆನೆಕರ್ ಬರೆದ, ಜೇಬಿಗೆ ಕೈಹಾಕಿ ನಗುತ್ತಿರುವ ಕಾರ್ಮಿಕ ವಿಕ್ಟರಿ ಸಾಲದ್ದು. ಅದಷ್ಟೇ 30 ಲಕ್ಷಕ್ಕೂ ಹೆಚ್ಚು ಅಚ್ಚಾಯಿತು.

ಯುರೋಪಿನದು ಬೇಕಿದ್ದರೆ ಮೂರನ್ನು ಹೇಳಬಹುದು. ಫ್ರಾನ್ಸಿನ ಆಬೆಲ್ ಫೇವ್ರ್ 1915ರಲ್ಲಿ ಬರೆದ ಚಿನ್ನದ ನಾಣ್ಯ: ನಾಣ್ಯದೊಳಗಿನ ಹುಂಜವೇ ಜೀವ ತಳೆದು ಜರ್ಮನ್ ಸಿಪಾಯಿಯ ಮೇಲೆ ಎರಗುತ್ತದೆ. ಜರ್ಮನಿಯ ಫ್ರಿಟ್ಸ್ ಎರ್ಲರ್ 1917ರಲ್ಲಿ ಬರೆದ, ಉಕ್ಕಿನ ಟೋಪಿಯಡಿ ಕಣ್ಣು ಹೊಳೆಯುವ ಕಂದಕದ ಸಿಪಾಯಿ. ಆಸ್ಟ್ರಿಯಾದ ಯೂಲಿಯಸ್ ಕ್ಲಿಂಗರ್ ಎಂಟನೇ ಯುದ್ಧ ಸಾಲಕ್ಕೆ ಬರೆದದ್ದು: ದೊಡ್ಡ 8ರ ಅಂಕಿಗೆ ಸುತ್ತಿಕೊಂಡ ಹಾವಿನಂಥ ಪ್ರಾಣಿ, ಅದರ ಮೈಗೆ ಚುಚ್ಚಿದ ಬಾಣಗಳು. ರಕ್ತವಿಲ್ಲ, ಕಣ್ಣೀರಿಲ್ಲ, ಆದರೂ ಬೀದಿಯ ಆಚೆ ಬದಿಯಿಂದ ಒಂದೇ ನೋಟಕ್ಕೆ ತಿಳಿಯುತ್ತದೆ.

ಪೋಸ್ಟರಿನಲ್ಲಿ ಬಡ್ಡಿ ದರ, ಅವಧಿ ಯಾವುದೂ ಕಾಣುವುದಿಲ್ಲವಲ್ಲ?

ಅಮೆರಿಕದ ಬಹುಪಾಲು ಚಿತ್ರ ಪೋಸ್ಟರ್‌ಗಳಲ್ಲಿ ಇಲ್ಲ. ಶೇ. 4.25ರ ಲೆಕ್ಕದಲ್ಲಿ 50 ಡಾಲರಿನ ಬಾಂಡಿಗೆ ವರ್ಷಕ್ಕೆ ಸಿಗುವುದು 2 ಡಾಲರ್ 12 ಸೆಂಟು ಚಿಲ್ಲರೆ. ಇದನ್ನು ದೊಡ್ಡಕ್ಷರದಲ್ಲಿ ಹಾಕಿ ಯಾರನ್ನೂ ಮರುಳು ಮಾಡಲು ಆಗುವುದಿಲ್ಲ. ಅದಕ್ಕೇ ದರದ ಮಾತು ಕರಪತ್ರಕ್ಕೆ, ಬ್ಯಾಂಕಿನ ಕೌಂಟರಿಗೆ ಹೋಯಿತು, ಗೋಡೆಗೆ ಭಯ, ಹೆಮ್ಮೆ, ನಾಚಿಕೆ ಬಂದವು. ಪೋಸ್ಟರಿನಲ್ಲಿ ಏನು ಬಿಟ್ಟಿದ್ದಾರೆ ಎಂದು ನೋಡುವ ಅಭ್ಯಾಸ ಇದ್ದರೆ ಒಳ್ಳೆಯದು.

ವಲಸೆ ಬಂದವರಿಗೆ ಬೇರೆ ಪೋಸ್ಟರ್ ಇತ್ತೇ?

ಇತ್ತು. ಪೋಲಿಷ್, ಇಟಾಲಿಯನ್, ಯಿಡ್ಡಿಷ್ ಮುಂತಾದ ಭಾಷೆಗಳಲ್ಲಿ ಅಚ್ಚು ಹಾಕಿದರು. ಎರಡನೇ ಸಾಲದ ಒಂದು ಪೋಸ್ಟರಿನಲ್ಲಿ ಹಡಗಿನ ಅಟ್ಟದಿಂದ ಸ್ವಾತಂತ್ರ್ಯ ದೇವತೆಯನ್ನು ಮೊದಲ ಸಲ ಕಾಣುತ್ತಿರುವ ಕುಟುಂಬಗಳಿವೆ. ಅಂದು ನಿಮಗಾದ ರೋಮಾಂಚನ ನೆನಪಿದೆಯೇ, ಹಾಗಿದ್ದರೆ ಬಾಂಡ್ ಕೊಳ್ಳುವುದು ನಿಮ್ಮ ಕರ್ತವ್ಯ ಎಂಬುದು ಅದರ ಮಾತು. 1919ರಲ್ಲಿ ಹೋವರ್ಡ್ ಚಾಂಡ್ಲರ್ ಕ್ರಿಸ್ಟಿ ಬರೆದ ವಿಕ್ಟರಿ ಸಾಲದ ಪೋಸ್ಟರಿನಲ್ಲಿ ಹೆಂಗಸೊಬ್ಬಳು ಗೌರವ ಪಟ್ಟಿಯ ಮೇಲೆ ಹೂಮಾಲೆ ಹಿಡಿದಿದ್ದಾಳೆ. ಪಟ್ಟಿಯಲ್ಲಿ ಸ್ಮಿತ್, ಓಬ್ರಯನ್, ಲೆವಿ, ಕೊವಾಲ್ಸ್ಕಿ, ಗೊನ್ಸಾಲೆಸ್ ಹೀಗೆ ನಾನಾ ಮೂಲದ ಹೆಸರುಗಳು. ಮೂರನೇ ಸಾಲದ ಇನ್ನೊಂದು ಪೋಸ್ಟರ್ ಮಾತ್ರ ನೇರವಾಗಿ ಕೇಳುತ್ತದೆ: ನೀನು ನೂರಕ್ಕೆ ನೂರು ಅಮೆರಿಕನ್ನನೇ? ಹಾಗಿದ್ದರೆ ಸಾಬೀತು ಮಾಡು. ಹೊಗಳಿಕೆ ಮತ್ತು ಅನುಮಾನ ಒಂದೇ ಗೋಡೆಯಲ್ಲಿ ಅಕ್ಕಪಕ್ಕ ಇದ್ದವು.

ಬಾಂಡ್ ಕೊಳ್ಳದಿದ್ದರೆ ಏನಾಗುತ್ತಿತ್ತು?

ಕಾನೂನಿನ ಪ್ರಕಾರ ಏನೂ ಆಗಬಾರದಿತ್ತು. ಊರೊಳಗೆ ನಡೆದದ್ದು ಬೇರೆ. ಪ್ರತಿ ಊರಿಗೂ ಇಷ್ಟು ಸಾಲ ಎತ್ತಬೇಕೆಂದು ಪಾಲು ಹಂಚುತ್ತಿದ್ದರು. ಪಾಲು ಮುಗಿಸಿದ ಊರಿಗೆ ಗೌರವ ಧ್ವಜ: ಮೂರನೇ ಸಾಲಕ್ಕೆ ಕೆಂಪು ಅಂಚಿನ ಬಿಳಿ ಬಟ್ಟೆಯ ಮೇಲೆ ಮೂರು ನೀಲಿ ಪಟ್ಟಿ. ಕೊಂಡವರಿಗೆ ಎದೆಗೆ ಸಿಕ್ಕಿಸುವ ಬಿಲ್ಲೆ, ಕಿಟಕಿಗೆ ಅಂಟಿಸುವ ಚೀಟಿ. ಅಂದರೆ ಚೀಟಿ ಇಲ್ಲದ ಕಿಟಕಿ ಯಾವುದು ಎಂದು ಬೀದಿಗೇ ಗೊತ್ತಾಗುತ್ತಿತ್ತು. ಕೊಳ್ಳದವರ ಹೆಸರಿನ ಕಾರ್ಡು ಬರೆದಿಟ್ಟುಕೊಂಡ ಸಮಿತಿಗಳಿದ್ದವು, ಮನೆಗೆ ಹೇಡಿತನದ ಗುರುತಾದ ಹಳದಿ ಬಣ್ಣ ಬಳಿದ ಘಟನೆಗಳಿವೆ. ಯುದ್ಧವೇ ಧರ್ಮಕ್ಕೆ ವಿರುದ್ಧ ಎಂದು ನಂಬಿದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಗಡದವರು, ಜರ್ಮನ್ ಮೂಲದ ರೈತರು ಹೆಚ್ಚು ನೋವು ತಿಂದರು. ಪೋಸ್ಟರನ್ನು ಕಲೆ ಎಂದು ಗೋಡೆಗೆ ಹಾಕುವವರು ಇದನ್ನೂ ತಿಳಿದಿರಬೇಕು.

ಇನ್ನೊಂದು ದುರಂತವೂ ಈ ಸಾಲಕ್ಕೆ ಅಂಟಿಕೊಂಡಿದೆ. 1918ರ ಸೆಪ್ಟೆಂಬರ್ 28ರಂದು ಫಿಲಡೆಲ್ಫಿಯಾದಲ್ಲಿ ನಾಲ್ಕನೇ ಸಾಲದ ಮೆರವಣಿಗೆ ನಡೆಯಿತು. ಊರಿಗೆ ಆಗಲೇ ಇನ್‌ಫ್ಲುಯೆಂಜಾ ಕಾಲಿಟ್ಟಿತ್ತು, ಆದರೂ ನಿಲ್ಲಿಸಲಿಲ್ಲ. ಸುಮಾರು 2 ಲಕ್ಷ ಜನ ಸೇರಿದರು. ಮುಂದಿನ ಕೆಲವೇ ವಾರಗಳಲ್ಲಿ ಆ ಊರಿನಲ್ಲಿ 12,000ಕ್ಕೂ ಹೆಚ್ಚು ಮಂದಿ ಸತ್ತರು.

ಪೋಸ್ಟರ್‌ನಿಂದಲೇ ಅಷ್ಟು ಹಣ ಬಂತೇ?

ಇಲ್ಲ. ಪೋಸ್ಟರ್ ನೆಲ ಹದ ಮಾಡಿತು, ಬಿತ್ತಿದವರು ಬೇರೆ. ಚಿತ್ರಮಂದಿರದಲ್ಲಿ ರೀಲು ಬದಲಿಸುವ ನಾಲ್ಕು ನಿಮಿಷದಲ್ಲಿ ಎದ್ದು ಭಾಷಣ ಮಾಡುವ ಸುಮಾರು 75,000 ಸ್ವಯಂಸೇವಕರಿದ್ದರು. ಮೂರನೇ ಸಾಲಕ್ಕೆ ಸಿನಿಮಾ ತಾರೆಯರಾದ ಚಾಪ್ಲಿನ್, ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್ ಊರೂರು ಸುತ್ತಿದರು. ಕಾರ್ಖಾನೆಗಳಲ್ಲಿ ಸಂಬಳದಿಂದ ಕಂತು ಹಿಡಿಯುವ ವ್ಯವಸ್ಥೆ ಇತ್ತು, ಮನೆಮನೆಗೆ ಹೋಗುವ ಮಹಿಳಾ ಸಮಿತಿಗಳಿದ್ದವು. ಬ್ರಿಟನ್ನಿನಲ್ಲಿ ನಿಜವಾದ ಟ್ಯಾಂಕನ್ನೇ ಊರಿನ ಚೌಕಕ್ಕೆ ತಂದು ನಿಲ್ಲಿಸಿ ಅಲ್ಲೇ ಬಾಂಡ್ ಮಾರಿದರು.

ಕೊಟ್ಟ ಸಾಲ ಜನರಿಗೆ ವಾಪಸ್ ಬಂತೇ?

ಯಾವ ದೇಶ ಎಂಬುದರ ಮೇಲೆ ಹೋಗುತ್ತದೆ. ಇದೇ ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಅಮೆರಿಕ ಅಸಲು, ಬಡ್ಡಿ ಎರಡನ್ನೂ ಕೊಟ್ಟಿತು. ಆದರೆ 1920ರಲ್ಲಿ 100 ಡಾಲರ್ ಮುಖಬೆಲೆಯ ಲಿಬರ್ಟಿ ಬಾಂಡು ಪೇಟೆಯಲ್ಲಿ 90 ಡಾಲರಿಗಿಂತ ಕೆಳಗಿಳಿದಿತ್ತು. ಕಷ್ಟಕ್ಕೆ ಸಿಕ್ಕಿ ಆಗ ಮಾರಿದ ಬಡವರು ಕೈಸುಟ್ಟುಕೊಂಡರು, ತಡೆದುಕೊಳ್ಳುವ ಶಕ್ತಿ ಇದ್ದವರು ಅಗ್ಗಕ್ಕೆ ಕೊಂಡರು. ಬಾಂಡಿನ ಮೇಲೆ ಚಿನ್ನದ ನಾಣ್ಯದಲ್ಲಿ ತೀರಿಸುತ್ತೇವೆ ಎಂಬ ಮಾತೂ ಇತ್ತು. 1933ರ ಜೂನ್‌ನಲ್ಲಿ ಸಂಸತ್ತು ಅಂಥ ಕರಾರುಗಳನ್ನೆಲ್ಲ ರದ್ದು ಮಾಡಿತು, 1934ರಲ್ಲಿ ಚಿನ್ನದ ದರ ಔನ್ಸಿಗೆ 20.67ರಿಂದ 35 ಡಾಲರಿಗೆ ಏರಿತು. ನಾಲ್ಕನೇ ಸಾಲದ 10,000 ಡಾಲರಿನ ಬಾಂಡ್ ಹಿಡಿದಿದ್ದ ಪೆರಿ ಎಂಬುವರು ಸುಪ್ರೀಂ ಕೋರ್ಟಿನವರೆಗೆ ಹೋದರು. 1935ರ ತೀರ್ಪು ಹೇಳಿದ್ದು: ಸರ್ಕಾರ ತನ್ನದೇ ಬಾಂಡಿನ ಮಾತು ಮುರಿಯುವಂತಿಲ್ಲ, ಆದರೆ ನಿಮಗೆ ನಷ್ಟವಾಗಿದೆ ಎಂದು ನೀವು ತೋರಿಸಿಲ್ಲ. ಪೆರಿಗೆ ಹೆಚ್ಚಿನ ಹಣ ಸಿಗಲಿಲ್ಲ.

ಬ್ರಿಟನ್ನಿನ 1917ರ ಶೇ. 5ರ ಯುದ್ಧ ಸಾಲವನ್ನು 1932ರಲ್ಲಿ ಶೇ. 3.5ಕ್ಕೆ ಇಳಿಸಿದರು. ಅಸಲು ಪೂರ್ತಿ ತೀರಿದ್ದು 2015ರ ಮಾರ್ಚ್ 9ರಂದು, ಕೊಂಡವರ ಮೊಮ್ಮಕ್ಕಳ ಕಾಲಕ್ಕೆ. ಜರ್ಮನಿ 1914ರಿಂದ 1918ರವರೆಗೆ ಒಂಬತ್ತು ಸಾಲ ಎತ್ತಿತು. 1923ರ ಹುಚ್ಚು ಬೆಲೆಯೇರಿಕೆಯಲ್ಲಿ ಮಾರ್ಕ್ ಕಸವಾಯಿತು, ಎರ್ಲರ್‌ನ ಸಿಪಾಯಿಯನ್ನು ನೋಡಿ ಉಳಿತಾಯವನ್ನೆಲ್ಲ ಸುರಿದ ಕುಟುಂಬಗಳ ಕೈಯಲ್ಲಿ ಕಾಗದ ಉಳಿಯಿತು. ರಷ್ಯಾದಲ್ಲಿ ಕ್ರಾಂತಿ ಸರ್ಕಾರ 1918ರ ಆರಂಭದಲ್ಲೇ ಝಾರ್ ಕಾಲದ ಸಾಲವನ್ನೆಲ್ಲ ನಿರಾಕರಿಸಿತು. ನಾಲ್ಕೂ ದೇಶದ ಪೋಸ್ಟರ್‌ಗಳು ಕೊಟ್ಟ ಭರವಸೆ ಹೆಚ್ಚುಕಡಿಮೆ ಒಂದೇ.

ಎರಡನೇ ಮಹಾಯುದ್ಧದಲ್ಲಿ ಏನು ಬದಲಾಯಿತು?

ಬಾಂಡಿನ ರಚನೆಯೇ ಬದಲಾಯಿತು. ಪೇಟೆಯಲ್ಲಿ ಬೆಲೆ ಬಿದ್ದು ಜನ ಕೈಸುಟ್ಟುಕೊಂಡ ಪಾಠದಿಂದ, ಬೇರೆಯವರಿಗೆ ಮಾರಲಾಗದ, ಕೊಂಡವರ ಹೆಸರಿನಲ್ಲೇ ಇರುವ ಇ ಸರಣಿಯ ಬಾಂಡ್ ತಂದರು. 18 ಡಾಲರ್ 75 ಸೆಂಟ್ ಕೊಟ್ಟರೆ ಹತ್ತು ವರ್ಷಕ್ಕೆ 25 ಡಾಲರ್. 1941ರ ಮೇ 1ರಂದು ಮೊದಲ ಬಾಂಡನ್ನು ಅಧ್ಯಕ್ಷ ರೂಸ್‌ವೆಲ್ಟ್ ಕೊಂಡರು. 25 ಸೆಂಟಿನ ಸ್ಟಾಂಪ್ 75 ಅಂಟಿಸಿದರೆ ಆಲ್ಬಮ್ ತುಂಬಿ ಒಂದು ಬಾಂಡ್. ಯುದ್ಧ ಮುಗಿಯುವಷ್ಟರಲ್ಲಿ ಎಲ್ಲ ಬಗೆಯ ಬಾಂಡು ಸೇರಿ 185 ಶತಕೋಟಿ ಡಾಲರ್ ದಾಟಿತು.

ಪೋಸ್ಟರಿನ ದನಿಯೂ ತಗ್ಗಿತು. ರಾಕ್ಷಸರು ಕಡಿಮೆಯಾಗಿ ಮನೆ, ಮಕ್ಕಳು, ಊಟದ ಮೇಜು ಬಂದವು. ನಾರ್ಮನ್ ರಾಕ್‌ವೆಲ್‌ನ ನಾಲ್ಕು ಸ್ವಾತಂತ್ರ್ಯಗಳ ಚಿತ್ರಗಳು 1943-44ರಲ್ಲಿ 16 ಊರು ಸುತ್ತಿ 13 ಕೋಟಿಗೂ ಹೆಚ್ಚು ಡಾಲರಿನ ಬಾಂಡ್ ಮಾರಾಟಕ್ಕೆ ನೆರವಾದವು. 1945ರ ಏಳನೇ ಸಾಲಕ್ಕೆ ಸಿ.ಸಿ. ಬೀಲ್ ಬರೆದ ಪೋಸ್ಟರ್ ಜಪಾನಿನ ಐವೋ ಜಿಮಾ ದ್ವೀಪದ ಬೆಟ್ಟದ ಮೇಲೆ ಧ್ವಜ ನೆಡುವ, ಜೋ ರೋಸೆಂತಾಲ್ ತೆಗೆದ ಫೋಟೋ ಆಧರಿಸಿದ್ದು. ಆ ಸುತ್ತಿನಲ್ಲಿ 14 ಶತಕೋಟಿ ಕೇಳಿದರು, 26 ಬಂತು.

ಭಾರತದಲ್ಲಿ, ಮೈಸೂರಿನಲ್ಲಿ ಇಂಥದ್ದು ನಡೆದಿತ್ತೇ?

ನಡೆದಿತ್ತು. 1914ರಲ್ಲೇ ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧಕ್ಕಾಗಿ 50 ಲಕ್ಷ ರೂಪಾಯಿ ಕೊಟ್ಟರು, ಅದು ಸಾಲವಲ್ಲ, ಕೊಡುಗೆ. 1917ರಲ್ಲಿ ಭಾರತ ಸರ್ಕಾರ ಬ್ರಿಟನ್ನಿಗೆ 10 ಕೋಟಿ ಪೌಂಡ್ ಕೊಡಲು ಒಪ್ಪಿತು. ಆ ಭಾರ ಹೊರಲು ಅದೇ ವರ್ಷ ಭಾರತದ ಯುದ್ಧ ಸಾಲ ಎತ್ತಿದರು, ಅದಕ್ಕೆ ದೇಶಭಾಷೆಗಳಲ್ಲೂ ಪೋಸ್ಟರ್ ಬಂದವು. ಸಣ್ಣವರಿಗಾಗಿ ಅಂಚೆ ಕಚೇರಿಯ ಕ್ಯಾಶ್ ಸರ್ಟಿಫಿಕೇಟ್: 7 ರೂಪಾಯಿ 12 ಆಣೆ ಕೊಟ್ಟರೆ ಐದು ವರ್ಷಕ್ಕೆ 10 ರೂಪಾಯಿ. ಇದನ್ನು ಬ್ರಿಟನ್ನಿನ 1916ರ ಸರ್ಟಿಫಿಕೇಟ್ ಪಕ್ಕಕ್ಕಿಡಿ. ಅಲ್ಲಿ 15 ಶಿಲಿಂಗ್ 6 ಪೆನ್ಸ್ ಕೊಟ್ಟರೆ ಐದು ವರ್ಷಕ್ಕೆ ಒಂದು ಪೌಂಡ್, ಅಂದರೆ 20 ಶಿಲಿಂಗ್. ಎರಡರಲ್ಲೂ ನೂರಕ್ಕೆ ಎಪ್ಪತ್ತೇಳೂವರೆ. ಲಂಡನ್ನಿನ ಲೆಕ್ಕವೇ ನಮ್ಮ ಅಂಚೆ ಕಚೇರಿಯ ಕಿಟಕಿಗೂ ಬಂದಿತ್ತು. ದೇಶವನ್ನಾಳುವ ಹಕ್ಕಿಲ್ಲದವರ ಹತ್ತಿರ ದೇಶದ ಹೆಸರಿನಲ್ಲಿ ಸಾಲ ಕೇಳಿದ್ದು ಮಾತ್ರ ಇಲ್ಲಿಯ ವಿಶೇಷ.

ಸ್ವಾತಂತ್ರ್ಯದ ನಂತರ, 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಶೇ. 6.5 ಬಡ್ಡಿಯ, 15 ವರ್ಷದ ಚಿನ್ನದ ಬಾಂಡ್ ಬಂತು. 1965ರಲ್ಲಿ ಮತ್ತೆ ರಕ್ಷಣಾ ಚಿನ್ನದ ಬಾಂಡ್. ಹೈದರಾಬಾದಿನ ನಿಜಾಮರು ಆಗ 5,000 ಕಿಲೋ ಚಿನ್ನ ದಾನ ಮಾಡಿದರೆಂದು ಕಲಬುರಗಿ, ಬೀದರ್ ಕಡೆ ಈಗಲೂ ಹೇಳುತ್ತಾರೆ. ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರದ ಪ್ರಕಾರ ಅದು 425 ಕಿಲೋ, ದಾನವಲ್ಲ, ಬಡ್ಡಿಗೆ ತೊಡಗಿಸಿದ್ದು.

ಪೋಸ್ಟರಿನ ಮೇಲೆ ಇಸವಿ ಇಲ್ಲ. ಕಾಲ ಹೇಗೆ ಗುರುತಿಸುವುದು?

ಸಾಲದ ಹೆಸರೇ ಇಸವಿ ಹೇಳುತ್ತದೆ. ಮೂರನೇ ಅಥವಾ ನಾಲ್ಕನೇ ಲಿಬರ್ಟಿ ಸಾಲ ಎಂದಿದ್ದರೆ 1918, ವಿಕ್ಟರಿ ಲಿಬರ್ಟಿ ಎಂದಿದ್ದರೆ 1919. ಡಿಫೆನ್ಸ್ ಬಾಂಡ್ ಎಂದಿದ್ದರೆ 1941ರ ಮೇ ತಿಂಗಳಿಂದ 1942ರ ಮೊದಲ ತಿಂಗಳುಗಳವರೆಗೆ, ವಾರ್ ಬಾಂಡ್ ಎಂದಿದ್ದರೆ ಅದಾದ ಮೇಲೆ. ಎರಡನೇ ಯುದ್ಧದ ಅಮೆರಿಕನ್ ಪೋಸ್ಟರ್‌ಗಳ ಕೆಳ ಅಂಚಿನಲ್ಲಿ ಸರ್ಕಾರಿ ಅಚ್ಚುಕೂಟದ ಹೆಸರು, ಇಸವಿ, ಸಂಖ್ಯೆ ಸಣ್ಣಕ್ಷರದಲ್ಲಿ ಇರುತ್ತದೆ. ಕೆಳ ಅಂಚು ಕತ್ತರಿಸಿ ಹೋಗಿದ್ದರೆ ಅನುಮಾನದಿಂದಲೇ ನೋಡಿ.

ಅಸಲಿಯೋ, ಮರುಮುದ್ರಣವೋ?

ಮೊದಲು ಅಳತೆ. ಮೊದಲ ಯುದ್ಧದ ಪೋಸ್ಟರ್‌ಗಳಲ್ಲಿ ಸಾಮಾನ್ಯವಾದವು 20x30 ಮತ್ತು 30x40 ಇಂಚಿನ ಆಸುಪಾಸಿನವು. ನಿಮ್ಮದು 18x24 ಅಥವಾ ಎ3 ಇದ್ದರೆ ಬಹುತೇಕ ಮರುಮುದ್ರಣ.

ಆಮೇಲೆ ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದು ಚರ್ಮದ ಬಣ್ಣ ಅಥವಾ ಆಕಾಶದ ಭಾಗ ನೋಡಿ. 1917-19ರ ಪೋಸ್ಟರ್‌ಗಳು ಹೆಚ್ಚಾಗಿ ಲಿಥೋ, ಅಂದರೆ ಕಲ್ಲಚ್ಚು. ಬಣ್ಣಕ್ಕೊಂದು ಕಲ್ಲು ಅಥವಾ ಸತುವಿನ ತಗಡು, ಐದು ಬಣ್ಣವಿದ್ದರೆ ಐದು ಸಲ ಅಚ್ಚು. ಮಸೂರದಡಿ ಕಾಣುವುದು ಕ್ರೇಯಾನ್ ಎಳೆದಂಥ ಒರಟು ಕಣ, ಕೈಯಲ್ಲಿ ಇಟ್ಟ ಚುಕ್ಕೆ, ಗಟ್ಟಿ ಬಣ್ಣ. ಒಂದು ಬಣ್ಣ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ಅಂಚಿನಲ್ಲಿ ಬಿಳಿ ಅಥವಾ ಎರಡು ಗೆರೆ ಕಂಡರೂ ಗಾಬರಿ ಬೇಡ, ತಗಡು ಸರಿಯಾಗಿ ಕೂರದಿದ್ದರೆ ಹಾಗಾಗುತ್ತದೆ. ಅದರ ಬದಲು ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ ಸಣ್ಣ ಹೂವಿನಂತೆ ಸುತ್ತಿಕೊಂಡಿದ್ದರೆ ಅದು ಮೂಲವನ್ನು ಫೋಟೋ ತೆಗೆದು ಮಾಡಿದ ಅಚ್ಚು. ಎಚ್ಚರಿಕೆ: ಎರಡನೇ ಯುದ್ಧದ ಅಸಲಿ ಪೋಸ್ಟರ್‌ಗಳಲ್ಲೂ ಈ ಚುಕ್ಕೆ ಇರುತ್ತವೆ, ಆಗ ಫೋಟೋದಿಂದ ತಗಡು ಮಾಡಿ ಅಚ್ಚು ಹಾಕುವ ಆಫ್‌ಸೆಟ್ ಬಂದಿತ್ತು. ಅವುಗಳಿಗೆ ಈ ಪರೀಕ್ಷೆ ಸಾಲದು.

ಎರಡಕ್ಕೂ ಹೊಂದುವ ಪರೀಕ್ಷೆ ನೇರಳಾತೀತ ದೀಪ. ಕತ್ತಲೆ ಕೋಣೆಯಲ್ಲಿ, ನೋಟು ನೋಡುವ ಸಣ್ಣ ಟಾರ್ಚ್ ಸಾಕು. 1950ರ ನಂತರದ ಬಿಳಿ ಕಾಗದದಲ್ಲಿ ಹೊಳಪಿನ ರಾಸಾಯನಿಕ ಸೇರಿಸುವುದು ರೂಢಿ, ಅಂಥ ಕಾಗದ ನೀಲಿಯಾಗಿ ಹೊಳೆಯುತ್ತದೆ. ಹಳೆಯದು ಮಂಕಾಗಿಯೇ ಇರುತ್ತದೆ. ಹಾಳೆ ಹೊಳೆಯಿತೆಂದರೆ ಬೇರೆ ವಾದವೇ ಬೇಡ. ಹೊಳೆಯದಿದ್ದರೆ ಮಾತ್ರ ಅಷ್ಟಕ್ಕೇ ಅಸಲಿ ಎನ್ನಬೇಡಿ, ಹೊಳಪು ಸೇರಿಸದ ಕಾಗದ ಇವತ್ತೂ ಸಿಗುತ್ತದೆ.

ಮಡಿಕೆಯ ಗೆರೆ ದೋಷವಲ್ಲ. ಬಹಳಷ್ಟು ಪೋಸ್ಟರ್‌ಗಳು ಮಡಿಸಿಯೇ ಅಂಚೆಯಲ್ಲಿ ಹೋದವು. ಆದರೆ ಗೆರೆ ಮುಟ್ಟಿದರೆ ಮಟ್ಟಸವಾಗಿದ್ದು, ಕಣ್ಣಿಗೆ ಮಾತ್ರ ಕಂಡರೆ ಅದು ಗೆರೆಯ ಫೋಟೋ.

ಹರಿದ ಪೋಸ್ಟರಿಗೆ ಸೆಲ್ಲೋಟೇಪ್ ಹಾಕಬಹುದೇ? ಲ್ಯಾಮಿನೇಟ್ ಮಾಡಿಸಬಹುದೇ?

ಎರಡೂ ಬೇಡ. ಟೇಪಿನ ಅಂಟು ಕೆಲವು ವರ್ಷದಲ್ಲಿ ಕಾಗದದೊಳಗೆ ಇಳಿದು ಕಂದು ಕಲೆ ಕಟ್ಟುತ್ತದೆ. ಪ್ಲಾಸ್ಟಿಕ್ ಉದುರಿದರೂ ಕಲೆ ಹೋಗುವುದಿಲ್ಲ. ಲ್ಯಾಮಿನೇಟ್ ಮಾಡಿದರೆ ಬಿಸಿಗೆ ಅಂಟು ಎಳೆಎಳೆಗೂ ಸೇರಿ ಮತ್ತೆ ಬಿಡಿಸಲಾಗದು.

ಹರುಕನ್ನು ಹಿಂಬದಿಯಿಂದ ತೆಳು ಜಪಾನಿ ಕಾಗದ ಮತ್ತು ಗೋಧಿ ಪಿಷ್ಟದ ಅಂಟಿನಿಂದ ಸೇರಿಸುತ್ತಾರೆ. ಕಾಗದವನ್ನು ಕತ್ತರಿಸದೆ ಕೈಯಲ್ಲಿ ಹರಿಯಬೇಕು, ಅಂಚಿನ ನಾರು ಹಾಳೆಗೆ ಹಿಡಿಯುತ್ತದೆ, ಗೆರೆ ಕಾಣುವುದಿಲ್ಲ. ಅಂಟು ನೀರಾಗಿದ್ದರೆ ಕಾಗದ ಸುಕ್ಕಾಗುತ್ತದೆ, ಮೊಸರಿನಷ್ಟು ಗಟ್ಟಿ ಇರಲಿ. ಒಣಗುವವರೆಗೆ ಮೇಲೊಂದು ಒತ್ತುಕಾಗದ ಇಟ್ಟು ಭಾರ ಹೇರಿ. ಈ ಅಂಟು ಮುಂದೆ ಬೇಕಾದರೆ ನೀರಿನಲ್ಲಿ ಬಿಡುತ್ತದೆ, ಇದನ್ನೇ ಬಳಸುವುದು ಆ ಕಾರಣಕ್ಕೆ. ಮೈದಾ ಗಂಜಿ ಹಚ್ಚಿದರೆ ಹುಳಕ್ಕೆ ಊಟ ಬಡಿಸಿದಂತೆ. ಇಡೀ ಪೋಸ್ಟರ್ ಪುಡಿಪುಡಿಯಾಗುತ್ತಿದ್ದರೆ ಹತ್ತಿ ಬಟ್ಟೆಯ ಬೆನ್ನು ಕೂಡಿಸಬೇಕು, ಅದು ಪರಿಣತರ ಕೆಲಸ. ಹಾಳೆ ನೆನೆಸುವ ಮುನ್ನ ಪ್ರತಿ ಬಣ್ಣದ ಮೇಲೂ ಒಂದು ಹನಿ ನೀರಿಟ್ಟು, ಒತ್ತುಕಾಗದದಿಂದ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಅವರು ನೋಡುತ್ತಾರೆ. ನೋಡದವರ ಕೈಗೆ ಕೊಡಬೇಡಿ.

ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ಹೇಗೆ ಇಡುವುದು?

ಈ ಕಾಗದ ಮರದ ತಿರುಳಿನದು, ಆಮ್ಲ ಒಳಗೇ ಇದೆ. ಬಿಸಿ, ಬೆಳಕು, ತೇವ ಮೂರೂ ಅದನ್ನು ಬೇಗ ಕಂದಾಗಿಸಿ ಮುರುಕಲು ಮಾಡುತ್ತವೆ. ಗಾಳಿಯ ತೇವ ಶೇ. 35ರಿಂದ 50ರೊಳಗೆ ಇದ್ದರೆ ಸುರಕ್ಷಿತ. ಶೇ. 65 ದಾಟಿ ನಿಂತರೆ ಬೂಷ್ಟು ಬರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ದಾಟಿಯೇ ಇರುತ್ತದೆ.

ಹೊರಗೋಡೆಗೆ ನೇತುಹಾಕಬೇಡಿ, ಗೋಡೆಯ ಪಸೆ ಚೌಕಟ್ಟಿನ ಬೆನ್ನಿಗೆ ಏರುತ್ತದೆ. ಪಾಲಿಯೆಸ್ಟರ್ ಹಾಳೆಯ ನಡುವೆ, ಆಮ್ಲವಿಲ್ಲದ ರಟ್ಟಿನ ಮೇಲೆ, ಮಟ್ಟಸವಾಗಿ ಇಡಿ. ಪಿವಿಸಿ ಹಾಳೆ ಬೇಡ, ಅದು ಬೆವರಿ ಶಾಯಿಗೆ ಅಂಟುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಉಕ್ಕಿನ ಬೀರುವಿನ ತಳದ ಅರೆಗಿಂತ ನಡುವಿನದು ಒಳ್ಳೆಯದು. ನುಸಿಗುಳಿಗೆಯನ್ನು ಕಾಗದಕ್ಕೆ ತಾಗಿಸಬೇಡಿ. ಗೋಡೆಗೆ ಹಾಕಲೇಬೇಕಿದ್ದರೆ ಗಾಜಿಗೂ ಹಾಳೆಗೂ ನಡುವೆ ರಟ್ಟಿನ ಚೌಕಟ್ಟು ಇರಲಿ. ಗಾಜಿಗೆ ತಾಗಿದ ಹಾಳೆ ಒಂದು ಮಳೆಗಾಲದಲ್ಲಿ ಅಂಟಿಕೊಂಡು, ಬಿಡಿಸಿದಾಗ ಬಣ್ಣ ಗಾಜಿನಲ್ಲೇ ಉಳಿಯುತ್ತದೆ.

ತರಗತಿಗೆ, ಪ್ರದರ್ಶನಕ್ಕೆ ಇವನ್ನು ಅಚ್ಚು ಹಾಕಿಸಬಹುದೇ?

ಮೊದಲ ಯುದ್ಧದ ಅಮೆರಿಕನ್ ಪೋಸ್ಟರ್‌ಗಳ ಹಕ್ಕು ಅಲ್ಲಿ ಮುಗಿದಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಆ ಕಾಲದ ಸುಮಾರು 1,900 ಪೋಸ್ಟರ್‌ಗಳಿವೆ, ಟಿಫ್ (ಅಚ್ಚಿಗೆ ಹೊಂದುವ ಉತ್ತಮ ಗುಣಮಟ್ಟದ ಚಿತ್ರ) ಕಡತ ಇಳಿಸಿಕೊಳ್ಳಬಹುದು. ಭಾರತ ಸರ್ಕಾರ ಹೊರಡಿಸಿದ ಪೋಸ್ಟರಿಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕಿರುತ್ತದೆ. ಹಾಗಾಗಿ 1962ರದ್ದು 2022ರ ಕೊನೆಗೆ ಮುಗಿಯಿತು, 1965ರದ್ದು 2025ರ ಕೊನೆಗೆ. ಅಚ್ಚು ಹಾಕುವಾಗ ಮೂಲದ ಅಳತೆಗೇ ಹಾಕಿಸಿ, ಕೆಳ ಅಂಚಿನ ಸಣ್ಣಕ್ಷರ ಕತ್ತರಿಸಬೇಡಿ. ಪಕ್ಕದಲ್ಲಿ ಆ ಬಾಂಡಿನ ಬೆಲೆ, ಬಡ್ಡಿ, ಅವಧಿ, ಕೊನೆಗೆ ಕೈಗೆ ಬಂದದ್ದು ಎಷ್ಟು ಎಂಬ ನಾಲ್ಕು ಸಾಲಿನ ಚೀಟಿ ಹಾಕಿ.